ಉಸಿರ ದಾರಿಯಲ್ಲೊಂದು ಕಡಲೆಬೀಜ

ಶಿರಾ, ಪಾವಗಡ, ಚಳ್ಳಕೆರೆಯ ಹೊಲಗಳಲ್ಲಿ ಕಿತ್ತ ಕಡಲೆಕಾಯಿ ಬೆಂಗಳೂರಿಗೆ ಬರುವುದು ತುಮಕೂರು ರಸ್ತೆ ಹಿಡಿದು. ನೆಲಮಂಗಲ ದಾಟಿದ ಮೇಲೆ, ಪೀಣ್ಯ ಮುಟ್ಟುವ ಮೊದಲು ಸಿಗುವ ಊರು ಮಾದನಾಯಕನಹಳ್ಳಿ. ಹೆಸರಿನಲ್ಲಷ್ಟೇ ಹಳ್ಳಿ. ಈಗ ಅಲ್ಲಿರುವುದು ಗೋದಾಮು, ಮಷೀನ್ ಶಾಪು, ಅವುಗಳ ನಡುವೆ ಒತ್ತೊತ್ತಾಗಿ ಎದ್ದ ಬಾಡಿಗೆ ಮನೆಗಳು. ಕೆಲಸ ಅರಸಿ ಬಂದ ಸಂಸಾರಗಳಲ್ಲಿ ಒಬ್ಬರಿಗೆ ಅದು ಕಡಲೆಕಾಯಿ, ಪಕ್ಕದ ಮನೆಯವರಿಗೆ ಶೇಂಗಾ. ಹುರಿದರೂ ಬೇಯಿಸಿದರೂ ರುಚಿ, ಅಗ್ಗ, ಮೈಗೆ ಪುಷ್ಟಿ. ಅದೇ ಬೀಜ ಇನ್ನೊಂದು ಪಟ್ಟಿಯಲ್ಲೂ ಮೇಲಿದೆ: ನಮ್ಮ ದೇಶದಲ್ಲಿ ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಬೀಜಕ್ಕೇ ಅಗ್ರಸ್ಥಾನ.

ಎರಡು ವರ್ಷದ ಕೂಸೊಂದನ್ನು ಕಲ್ಪಿಸಿಕೊಳ್ಳಿ. ಅಕ್ಕನ ಕೈಯ ಪೊಟ್ಟಣದಿಂದ ತಾನೂ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ಓಡುತ್ತದೆ. ಮುಂದಿನ ಹಲ್ಲುಗಳು ಬಂದಿವೆ, ಬೀಜವನ್ನು ಹೋಳು ಮಾಡಬಲ್ಲವು. ನುಣ್ಣಗೆ ಅರೆಯಬೇಕಾದ ದವಡೆ ಹಲ್ಲುಗಳ ಸಾಲು ಇನ್ನೂ ತುಂಬಿಲ್ಲ. ಎಡವಿಯೋ ನಕ್ಕೋ ಅತ್ತೋ ಮಗು ಒಮ್ಮೆ ಜೋರಾಗಿ ಉಸಿರೆಳೆದುಕೊಂಡರೆ ಸಾಕು, ಬಾಯಲ್ಲಿದ್ದ ಹೋಳು ಅನ್ನನಾಳ ಬಿಟ್ಟು ಗಾಳಿಯ ದಾರಿ ಹಿಡಿಯುತ್ತದೆ. ಕೆಮ್ಮು ಒತ್ತರಿಸಿ ಬರುತ್ತದೆ, ಮುಖ ಕೆಂಪೇರುತ್ತದೆ, ಕಣ್ಣಲ್ಲಿ ನೀರು. ಮನೆಯವರು ಓಡಿ ಬಂದು ನೆತ್ತಿ ತಟ್ಟುತ್ತಾರೆ, ನೀರು ಕುಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕೆಮ್ಮು ತಾನಾಗಿಯೇ ನಿಲ್ಲುತ್ತದೆ. ಮಗು ಮತ್ತೆ ಆಟಕ್ಕೆ ಓಡುತ್ತದೆ, ಮನೆಯವರು ಆ ವಿಷಯ ಮರೆಯುತ್ತಾರೆ.

ಕೆಮ್ಮು ನಿಂತದ್ದು ಬೀಜ ಹೊರಬಂದದ್ದರಿಂದಲೇ ಆಗಿರಬೇಕೆಂದಿಲ್ಲ. ಅದು ಶ್ವಾಸನಾಳ ದಾಟಿ ಎಡಕ್ಕೋ ಬಲಕ್ಕೋ ಕವಲಿನೊಳಗೆ ಇಳಿದು ಕೂತಿದ್ದರೂ ಕೆಮ್ಮು ನಿಲ್ಲುತ್ತದೆ. ಆ ಭಾಗದ ನರತುದಿಗಳು ಅಲ್ಲಿರುವ ವಸ್ತುವಿಗೆ ಬೇಗ ಒಗ್ಗಿಕೊಂಡುಬಿಡುತ್ತವೆ. ಹೀಗೆ ಬರುವ ಮೌನದ ಘಟ್ಟ ಕೆಲವು ಗಂಟೆ ಇರಬಹುದು, ವಾರಗಟ್ಟಲೆಯೂ ಇರಬಹುದು. ಆಮೇಲೆ ಜ್ವರ, ಕೆಮ್ಮು, ಉಸಿರಿನಲ್ಲಿ ಸುಯ್ಯೆನ್ನುವ ಸೀಟಿ. ಹತ್ತಿರದ ಕ್ಲಿನಿಕ್ಕಿನಲ್ಲಿ ನೆಗಡಿ ಎನ್ನುತ್ತಾರೆ, ಉಬ್ಬಸ ಎನ್ನುತ್ತಾರೆ, ನೆಬ್ಯುಲೈಸರ್ ಹಿಡಿಸುತ್ತಾರೆ, ಸಿರಪ್ ಬರೆದುಕೊಡುತ್ತಾರೆ. ಕಡಿಮೆಯಾದಂತೆ ಕಾಣುತ್ತದೆ, ವಾರ ಕಳೆದರೆ ಮತ್ತೆ ಅದೇ ಕೆಮ್ಮು. ಪೀಣ್ಯದ ಹೊಗೆ, ತುಮಕೂರು ರಸ್ತೆಯ ಧೂಳು ಎಂದು ಮನೆಯವರು ಕಾರಣ ಹುಡುಕಿಕೊಳ್ಳುತ್ತಾರೆ. ಧೂಳು ಇರುವುದು ನಿಜವೇ. ಆದರೆ ಧೂಳಿನಿಂದ ಬರುವ ಉಬ್ಬಸ ಎರಡೂ ಶ್ವಾಸಕೋಶಗಳಲ್ಲಿ ಕೇಳಿಸುತ್ತದೆ. ಬೀಜ ಕೂತ ಮಗುವಿನಲ್ಲಿ ಸ್ಟೆತಸ್ಕೋಪಿಗೆ ಒಂದೇ ಕಡೆ ಉಸಿರು ಕ್ಷೀಣವಾಗಿ ಕೇಳಿಸುತ್ತದೆ, ಸೀಟಿಯೂ ಹಲವು ಸಲ ಒಂದೇ ಕಡೆಯದು.

ಎಕ್ಸ್‌ರೇ ತೆಗೆದರೆ ಕಾಣದೇ? ನಾಣ್ಯ ಕಾಣುತ್ತದೆ, ಪಿನ್ನು ಕಾಣುತ್ತದೆ, ಮೂಳೆಯೂ ಬಹುಮಟ್ಟಿಗೆ ಕಾಣುತ್ತದೆ. ಕಡಲೆಬೀಜ ಕಾಣುವುದಿಲ್ಲ. ಸುತ್ತಲಿನ ಮಾಂಸದಷ್ಟೇ ಸಲೀಸಾಗಿ ಕಿರಣಗಳನ್ನು ಹಾಯಲು ಬಿಡುವ ಸಸ್ಯವಸ್ತು ಅದು. ಬೀಜದ ಬದಲು ಅದು ಮಾಡಿದ ಅವಾಂತರದ ಗುರುತನ್ನು ಮಾತ್ರ ಹುಡುಕಬಹುದು. ಉಸಿರೆಳೆದಾಗ ಗಾಳಿಯ ಕೊಳವೆಗಳು ಚೂರು ಹಿಗ್ಗುತ್ತವೆ, ಬೀಜದ ಪಕ್ಕದಿಂದ ಗಾಳಿ ಒಳಗೆ ನುಸುಳುತ್ತದೆ. ಬಿಟ್ಟಾಗ ಕೊಳವೆ ಕುಗ್ಗಿ ಬೀಜವನ್ನು ಅಪ್ಪಿಕೊಳ್ಳುತ್ತದೆ, ಹೋದ ಗಾಳಿ ವಾಪಸು ಬರುವುದಿಲ್ಲ. ಗಳಿಗೆ ಗಳಿಗೆಗೂ ಆ ಕಡೆಯ ಶ್ವಾಸಕೋಶ ಊದಿಕೊಳ್ಳುತ್ತ ಹೃದಯವನ್ನು ಎದುರು ಬದಿಗೆ ತಳ್ಳುತ್ತದೆ. ಬೀಜ ಪೂರ್ತಿ ಮುಚ್ಚಿಬಿಟ್ಟರೆ ಇದಕ್ಕೆ ತಿರುಗುಮುರುಗು: ಒಳಗಿನ ಗಾಳಿ ರಕ್ತಕ್ಕೆ ಹೀರಿಹೋಗಿ ಶ್ವಾಸಕೋಶ ಕುಸಿಯುತ್ತದೆ, ಹೃದಯ ಆ ಕಡೆಗೇ ವಾಲುತ್ತದೆ. ಮೊದಲನೆಯದು ಚೆನ್ನಾಗಿ ಕಾಣಬೇಕಾದರೆ ಉಸಿರು ಬಿಟ್ಟ ಕ್ಷಣದಲ್ಲಿ ಚಿತ್ರ ತೆಗೆಯಬೇಕು. ಅಳುತ್ತಿರುವ ಎರಡು ವರ್ಷದ ಮಗುವಿಗೆ ಉಸಿರು ಬಿಟ್ಟು ಹಿಡಿದುಕೋ ಎಂದರೆ ಕೇಳೀತೇ? ಅದಕ್ಕೇ ಕೆಲವೆಡೆ ಮಗುವನ್ನು ಮಗ್ಗುಲಾಗಿ ಮಲಗಿಸಿ ತೆಗೆಯುತ್ತಾರೆ. ಇಷ್ಟೆಲ್ಲ ಮಾಡಿದರೂ ಬೀಜ ಒಳಗಿರುವ ಎಷ್ಟೋ ಮಕ್ಕಳ ಎಕ್ಸ್‌ರೇ ಸರಿಯಾಗಿಯೇ ಇರುತ್ತದೆ.

ಆದ್ದರಿಂದ ನುರಿತ ಮಕ್ಕಳ ವೈದ್ಯರು ಚಿತ್ರಕ್ಕಿಂತ ತಾಯಿಯ ಮಾತಿಗೆ ಹೆಚ್ಚು ತೂಕ ಕೊಡುತ್ತಾರೆ. ಈಚೆಗೆ ಏನಾದರೂ ತಿನ್ನುವಾಗ ಮಗು ಗಕ್ಕನೆ ಕೆಮ್ಮಿತ್ತೇ? ಉಸಿರು ಕಟ್ಟಿದಂತಾಗಿತ್ತೇ? ಹೌದು ಎಂಬ ಉತ್ತರ ಬಂದರೆ, ಎದೆಯಲ್ಲಿ ಗುರುತೂ ಇದ್ದರೆ, ಶ್ವಾಸನಾಳದೊಳಗೆ ನಳಿಗೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿಯೇ ದಾರಿ. ಒಳಗೆ ಏನೂ ಸಿಗದೆ ಹೋದರೆ ಪ್ರಮಾದವೇನಿಲ್ಲ. ಬೀಜ ಒಳಗೇ ಉಳಿದರೆ ನ್ಯುಮೋನಿಯಾ ಮರುಕಳಿಸುತ್ತ ಹೋಗುತ್ತದೆ, ಕೀವು ಕಟ್ಟುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಶ್ವಾಸಕೋಶದ ಆ ಭಾಗವೇ ಕೆಡಬಹುದು. ಕಡಲೆಬೀಜದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಅದರ ಕೊಬ್ಬಿನಾಮ್ಲಗಳು ಶ್ವಾಸನಾಳದ ಒಳಪದರವನ್ನು ಕೆರಳಿಸಿ ಊದಿಸುತ್ತವೆ. ಬೀಜವೂ ತೇವ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಕಡಲೆಕಾಯಿಯ ಸಸ್ಯನಾಮ ಅರಾಕಿಸ್. ವೈದ್ಯರು ಈ ಉರಿಯೂತಕ್ಕೆ ಅರಾಕಿಡಿಕ್ ಬ್ರಾಂಕೈಟಿಸ್ ಎಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ.

ಊತ ಒಂದು ಮಿಲಿಮೀಟರ್ ಅಷ್ಟೇ ತಾನೇ ಎನ್ನುವಂತಿಲ್ಲ. ಫ್ರಾನ್ಸಿನ ವೈದ್ಯ ಪ್ವಾಸೋಯಿ 1840ರ ಸುಮಾರಿಗೆ ಕಿರಿದಾದ ಕೊಳವೆಗಳಲ್ಲಿ ದ್ರವ ಹರಿಯುವುದನ್ನು ಅಳೆದು ಒಂದು ನಿಯಮ ಕಂಡುಕೊಂಡ: ಹರಿವು ಕೊಳವೆಯ ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ಗಾಳಿ ನಯವಾಗಿ ಹರಿಯುವಾಗ ಅದಕ್ಕೂ ಇದೇ ಲೆಕ್ಕ. ದೊಡ್ಡವರ ಶ್ವಾಸನಾಳದ ತ್ರಿಜ್ಯ 8 ಮಿಲಿಮೀಟರ್ ಎನ್ನೋಣ. ಒಳಗೋಡೆ ಒಂದು ಮಿಲಿಮೀಟರ್ ಊದಿ ಅದು 7ಕ್ಕೆ ಇಳಿದರೆ ಅದೇ ಒತ್ತಡದಲ್ಲಿ ಹರಿವು ಸುಮಾರು ಶೇ. 40 ಕಡಿಮೆಯಾಗುತ್ತದೆ. ಕೂಸಿನ ಕವಲಿನ ತ್ರಿಜ್ಯ 2 ಮಿಲಿಮೀಟರ್ ಇದ್ದು, ಅಷ್ಟೇ ಊತಕ್ಕೆ 1ಕ್ಕೆ ಇಳಿದರೆ ಉಳಿಯುವುದು ಹದಿನಾರನೇ ಒಂದು ಪಾಲು. ಮಕ್ಕಳ ಉಸಿರಾಟದ ವಿಷಯದಲ್ಲಿ ವೈದ್ಯರು ಇಷ್ಟು ಅವಸರ ಮಾಡುವುದು ಈ ನಾಲ್ಕನೇ ಘಾತಕ್ಕೆ ಹೆದರಿ. ಮುಂದೆ ಹೇಳಲಿರುವ ಉಪಕರಣದ ಚರಿತ್ರೆಯೂ ಅದೇ ಮಿಲಿಮೀಟರಿಗಾಗಿ ನಡೆದ ಜಗ್ಗಾಟವೇ. ಒಂದೇ ಕಿರಿದಾದ ದಾರಿಯಲ್ಲಿ ಗಾಳಿ ಹೋಗಬೇಕು, ಬೆಳಕು ಹೋಗಬೇಕು, ಬೀಜ ಹಿಡಿಯುವ ಚಿಮಟವೂ ಹೋಗಬೇಕು.

ದೇಹದೊಳಗೆ ನಳಿಗೆ ಇಟ್ಟು ನೋಡುವ ಆಸೆ ಹಳೆಯದು. 1806ರಲ್ಲಿ ಫ್ರಾಂಕ್‌ಫರ್ಟಿನ ಬೊಜ್ಜಿನಿ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಒಳಗೆ ಹಾಯಿಸುವ ಸಾಧನ ಮಾಡಿದ. 1868ರಲ್ಲಿ ಫ್ರೈಬುರ್ಗಿನ ಕುಸ್‌ಮೌಲ್ ಕತ್ತಿ ನುಂಗುವ ಆಟಗಾರನೊಬ್ಬನ ನೆರವಿನಿಂದ ನೆಟ್ಟಗಿನ ನಳಿಗೆಯನ್ನು ಹೊಟ್ಟೆಯವರೆಗೂ ಇಳಿಸಬಹುದೆಂದು ತೋರಿಸಿದ. ಉಸಿರಿನ ದಾರಿಗೆ ಮಾತ್ರ ಕೈಹಾಕಲು ಎಲ್ಲರೂ ಹಿಂಜರಿದರು. ಅನ್ನನಾಳವನ್ನು ಕೆಲವು ನಿಮಿಷ ಮುಚ್ಚಿದರೆ ನಡೆಯುತ್ತದೆ, ಶ್ವಾಸನಾಳವನ್ನು ಮುಚ್ಚುವಂತಿಲ್ಲ.

ಆ ಹಿಂಜರಿಕೆ ಮುರಿದದ್ದು ಅದೇ ಫ್ರೈಬುರ್ಗಿನಲ್ಲಿ, 1897ರ ಮಾರ್ಚಿನಲ್ಲಿ. 63 ವರ್ಷದ ರೈತನೊಬ್ಬ ಊಟದಲ್ಲಿ ಹಂದಿಯ ಮೂಳೆಯ ಚೂರೊಂದನ್ನು ಉಸಿರಿನೊಳಗೆ ಎಳೆದುಕೊಂಡಿದ್ದ. ಅದು ಬಲಗಡೆಯ ಮುಖ್ಯ ಕವಲಿನಲ್ಲಿ ಸಿಕ್ಕಿಕೊಂಡಿತ್ತು. ಬಲಗವಲು ಎಡಗವಲಿಗಿಂತ ಅಗಲ, ಹೆಚ್ಚು ನೇರ. ಹಾಗಾಗಿ ದೊಡ್ಡವರಲ್ಲಿ ಇಂಥ ವಸ್ತುಗಳು ಹೆಚ್ಚಾಗಿ ಬಲಕ್ಕೇ ಹೋಗುತ್ತವೆ. ಗುಸ್ತಾವ್ ಕಿಲಿಯಾನ್ ಎಂಬ ವೈದ್ಯ ರೈತನ ಗಂಟಲಿಗೆ ಕೊಕೇನ್ ದ್ರಾವಣ ಸವರಿ ಮರಗಟ್ಟಿಸಿದ. ಅನ್ನನಾಳಕ್ಕೆಂದು ಮಾಡಿದ್ದ ಲೋಹದ ಕೊಳವೆಯನ್ನು ಧ್ವನಿತಂತುಗಳ ನಡುವೆ ಇಳಿಸಿ, ಹಣೆಯ ಮೇಲೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ ಮೂಳೆಯನ್ನು ಕಂಡ, ಚಿಮಟದಿಂದ ಹಿಡಿದು ಎಳೆದ. ಕುತ್ತಿಗೆಯನ್ನೂ ಕೊಯ್ಯಲಿಲ್ಲ, ಎದೆಯನ್ನೂ ಕೊಯ್ಯಲಿಲ್ಲ. ರಾಂಟ್ಗನ್ ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ.

ಅಮೆರಿಕದ ಶವಾಲಿಯೆ ಜಾಕ್ಸನ್ ಈ ಕೆಲಸವನ್ನು ಮಕ್ಕಳ ಮಟ್ಟಕ್ಕೆ ತಂದ. ಕೊಳವೆಯ ತುದಿಯಲ್ಲೇ ಪುಟ್ಟ ಬಲ್ಬು ಕೂರಿಸಿದ. ಬೇರೆ ಬೇರೆ ವಸ್ತುವಿಗೆ ಬೇರೆ ಬೇರೆ ಚಿಮಟ ಮಾಡಿದ. ತೆರೆದ ಸೇಫ್ಟಿಪಿನ್ನನ್ನು ಒಳಗೇ ಮುಚ್ಚಿ ತೆಗೆಯುವ ಚಿಮಟವೂ ಇತ್ತು. ಮಕ್ಕಳ, ದೊಡ್ಡವರ ಗಂಟಲು ಮತ್ತು ಶ್ವಾಸಕೋಶಗಳಿಂದ ತೆಗೆದ 2,374 ವಸ್ತುಗಳನ್ನು ಆತ ವಿವರ ಬರೆದು ಕೂಡಿಟ್ಟಿದ್ದು, ಅವು ಇಂದಿಗೂ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಮ್ಮಿನಲ್ಲಿವೆ. ಆತನ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಇನ್ನೊಂದು ಕಾರಣಕ್ಕೆ. ಮನೆಯಲ್ಲಿ ಬಳಸುವ ಕಾಸ್ಟಿಕ್ ಪುಡಿಯನ್ನು ಸಕ್ಕರೆಯೆಂದು ತಿಂದು ಅನ್ನನಾಳ ಸುಟ್ಟುಕೊಂಡ ಮಕ್ಕಳನ್ನು ಕಂಡು ಕಂಡು, ಅಂಥ ಡಬ್ಬಿಗಳ ಮೇಲೆ ವಿಷ ಎಂದು ಮುದ್ರಿಸಲೇಬೇಕೆಂದು ವರ್ಷಗಟ್ಟಲೆ ಹೋರಾಡಿದ. 1927ರಲ್ಲಿ ಅಮೆರಿಕ ಅದಕ್ಕೆ ಕಾನೂನು ಮಾಡಿತು.

ಜಾಕ್ಸನ್‌ನ ಬಲ್ಬು ಬೆಳಕೇನೋ ಕೊಟ್ಟಿತು. ಆದರೆ ಕೂಸಿನ ಗಂಟಲಿಗೆ ಹಿಡಿಸುವ ಸಪೂರ ಕೊಳವೆಯ ಈ ತುದಿಗೆ ಕಣ್ಣಿಟ್ಟರೆ ಆ ತುದಿಯಲ್ಲಿ ಕಾಣುವುದೆಷ್ಟು? ಚಿಮಟ ಒಳಗೆ ಹೋದ ಕೂಡಲೇ ಅದೂ ಮರೆ. ನಳಿಗೆಯಲ್ಲಿ ಮಸೂರಗಳನ್ನು ಜೋಡಿಸಿ ದುರ್ಬೀನು ಮಾಡಬಹುದಿತ್ತು. ಜರ್ಮನಿಯ ನಿಟ್ಜೆ 1870ರ ದಶಕದಲ್ಲೇ ಮೂತ್ರಕೋಶ ನೋಡಲು ಅಂಥದ್ದನ್ನು ಮಾಡಿದ್ದ. ಸಣ್ಣ ಸಣ್ಣ ಮಸೂರಗಳು, ನಡುವೆ ಉದ್ದುದ್ದ ಗಾಳಿಯ ತೆರಪು. ಇಂಥ ನಳಿಗೆಯಲ್ಲಿ ಬೆಳಕಿಗೂ ಹೆಚ್ಚುಕಡಿಮೆ ಪ್ವಾಸೋಯಿಯ ಲೆಕ್ಕವೇ ಅನ್ವಯ. ಉದ್ದ ಅಷ್ಟೇ ಇಟ್ಟು ತ್ರಿಜ್ಯ ಅರ್ಧ ಮಾಡಿದರೆ ಹಾಯುವ ಬೆಳಕು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಮಗುವಿಗೆ ಹಿಡಿಸುವಷ್ಟು ಸಣ್ಣದು ಮಾಡಿದರೆ ಕಾಣುವುದು ಮಬ್ಬು.

ಗಂಟು ಬಿಡಿಸಿದವನು ಹೆರಾಲ್ಡ್ ಹಾಪ್ಕಿನ್ಸ್. 1918ರಲ್ಲಿ ಲಂಡನ್ನಿನ ಬರ್ಮಂಡ್ಸಿಯ ಬಡ ಕುಟುಂಬದಲ್ಲಿ ಹುಟ್ಟಿದ ಭೌತವಿಜ್ಞಾನಿ. 1950ರ ದಶಕದ ಆರಂಭದಲ್ಲಿ ಊಟದ ಮೇಜಿನಲ್ಲಿ ಪಕ್ಕದಲ್ಲಿದ್ದ ವೈದ್ಯರೊಬ್ಬರು, ಬಾಗದ ನಳಿಗೆಯನ್ನು ರೋಗಿಗಳಿಗೆ ನುಂಗಿಸುವುದು ಹಿಂಸೆ ಎಂದು ಹೇಳಿಕೊಂಡರಂತೆ. ಹಾಪ್ಕಿನ್ಸ್ ತನ್ನ ವಿದ್ಯಾರ್ಥಿ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯ ಜೊತೆ ಕೂದಲೆಳೆಯಂಥ ಗಾಜಿನ ಎಳೆಗಳನ್ನು ಕಂತೆ ಕಟ್ಟಿ ಅವುಗಳ ಮೂಲಕ ಚಿತ್ರ ಹಾಯಿಸಿದ. ಆ ಪ್ರಬಂಧ 1954ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಬಾಗುವ ಎಂಡೋಸ್ಕೋಪುಗಳೆಲ್ಲ ಅಲ್ಲಿಂದ ಹುಟ್ಟಿದವು. ಅಮೆರಿಕದಲ್ಲಿ ಹಿರ್ಶೊವಿಟ್ಜ್ 1957ರಲ್ಲಿ ಹೊಟ್ಟೆಯೊಳಗೆ ಇಳಿಸಿದ. ಜಪಾನಿನ ಇಕೇಡಾ 1960ರ ದಶಕದಲ್ಲಿ ಶ್ವಾಸಕೋಶಕ್ಕೆ ತಂದ. ಕ್ಷಯ, ಕ್ಯಾನ್ಸರ್ ಪತ್ತೆಗೆ ಇಂದು ಬಳಸುವುದು ಈ ಬಾಗುವ ಬಗೆಯನ್ನೇ.

ನಮ್ಮ ಕಡಲೆಬೀಜದ ಕೂಸಿಗೆ ಮಾತ್ರ ಇಂದಿಗೂ ಹೆಚ್ಚಾಗಿ ಬೇಕಾಗುವುದು ಬಾಗದ ಲೋಹದ ನಳಿಗೆ. ಬೀಜ ತೆಗೆಯುವಾಗಲೂ ಮಗುವಿಗೆ ಉಸಿರು ಹೋಗುತ್ತಿರಬೇಕು. ಟೊಳ್ಳು ನಳಿಗೆಯೊಳಗೆ ಅದಕ್ಕೆ ಜಾಗವಿದೆ. ಅದಕ್ಕೆ ಕಣ್ಣು ಕೊಟ್ಟದ್ದೂ ಹಾಪ್ಕಿನ್ಸನೇ. 1959ರಲ್ಲಿ ಆತ ಹಳೆಯ ದುರ್ಬೀನನ್ನು ಒಳಹೊರಗು ಮಾಡಿದ. ಗಾಳಿಯ ತೆರಪು ಇದ್ದಲ್ಲೆಲ್ಲ ಉದ್ದನೆಯ ಗಾಜಿನ ಸರಳು ತುಂಬಿದ. ಸರಳುಗಳ ತುದಿಗಳನ್ನು ನಯಗೊಳಿಸಿ, ನಡುವೆ ಬಿಟ್ಟ ಸಣ್ಣ ಗಾಳಿಯ ಸಂದುಗಳೇ ಮಸೂರಗಳಂತೆ ಕೆಲಸ ಮಾಡುವ ಹಾಗೆ ಮಾಡಿದ. ಗಾಜಿನಲ್ಲಿ ಬೆಳಕು ಗಾಳಿಗಿಂತ ಹೆಚ್ಚು ಹಿಡಿಸುತ್ತದೆ. ಸರಳುಗಳು ತಾವಾಗಿಯೇ ನೆಟ್ಟಗೆ ಕೂರುವುದರಿಂದ ಮಸೂರ ಹಿಡಿದಿಡುವ ದಪ್ಪ ಬಳೆಗಳೂ ಬೇಕಿಲ್ಲ, ಆ ಜಾಗವೂ ಬೆಳಕಿಗೇ ಮಿಕ್ಕಿತು. ಅಷ್ಟೇ ಗಾತ್ರದ ನಳಿಗೆಯಲ್ಲಿ ಚಿತ್ರ ಹಲವು ಪಟ್ಟು ಬೆಳಗಿತು. ಇಂಗ್ಲೆಂಡಿನ ಕಂಪನಿಗಳು ಆಸಕ್ತಿ ತೋರಲಿಲ್ಲ. 1960ರ ದಶಕದ ನಡುವೆ ಜರ್ಮನಿಯ ಕಾರ್ಲ್ ಸ್ಟೋರ್ಜ್ ಇದನ್ನು ಕೈಗೆತ್ತಿಕೊಂಡು, ಸರಳುಗಳ ಸುತ್ತ ಗಾಜಿನ ಎಳೆಗಳನ್ನೂ ಹಾಕಿ ಹೊರಗಿನ ದೀಪದ ಬೆಳಕನ್ನು ಒಳಗೆ ತಂದ. ಎಳೆಗಳಿಂದ ಬೆಳಕು ಒಳಗೆ, ಸರಳುಗಳಿಂದ ಚಿತ್ರ ಹೊರಗೆ. ತುದಿಯಲ್ಲಿ ಬಿಸಿಯಾಗುವ, ಕೆಲಸದ ನಡುವೆ ಆರಿಹೋಗುವ ಬಲ್ಬಿನ ಕಾಟ ತಪ್ಪಿತು.

ಈ ಉಪಕರಣದ ದಾಯಾದಿಯನ್ನು ಪೀಣ್ಯದಿಂದ ಮಾದನಾಯಕನಹಳ್ಳಿಯ ಕಡೆಗಿನ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಜನ ಬಲ್ಲರು. ಹೈಡ್ರಾಲಿಕ್ ಬ್ಲಾಕಿನಂಥ ಉಕ್ಕಿನ ತುಂಡಿನಲ್ಲಿ ಎರಡು ರಂಧ್ರಗಳು ಒಳಗೆ ಒಂದನ್ನೊಂದು ಅಡ್ಡ ಹಾಯುವಲ್ಲಿ ಲೋಹದ ಸಿಬಿರು ಉಳಿಯುತ್ತದೆ. ಅದು ಕಿತ್ತುಬಂದರೆ ವಾಲ್ವ್ ಕೆಡುತ್ತದೆ. ಸಿಬಿರು ಹೋಗಿದೆಯೇ ಎಂದು ನೋಡಲು ಬೋರೋಸ್ಕೋಪ್ ತೂರಿಸುತ್ತಾರೆ. 1921ರಲ್ಲಿ ಉಗಿ ಟರ್ಬೈನಿನ ಒಳಗನ್ನು ಪರೀಕ್ಷಿಸಲು ವೆಸ್ಟಿಂಗ್‌ಹೌಸ್ ಕಂಪನಿಗೆ ಅಂಥ ಸಾಧನ ಮಾಡಿಕೊಟ್ಟವನು ಜಾರ್ಜ್ ಕ್ರಾಂಪ್ಟನ್ ಎಂಬ ಕಣ್ಣಿನ ವೈದ್ಯ. ಮಗುವಿಗೆ ಬ್ರಾಂಕೋಸ್ಕೋಪಿ ಬೇಕು ಎಂದಾಗ ಕಂಗಾಲಾಗುವ ಅಪ್ಪನಿಗೆ, ಆತ ಕ್ವಾಲಿಟಿ ವಿಭಾಗದಲ್ಲಿ ದುಡಿಯುವವನಾಗಿದ್ದರೆ, ಒಂದೇ ಮಾತಿನಲ್ಲಿ ಅರ್ಥ ಮಾಡಿಸಬಹುದು.

ಆಪರೇಷನ್ ಥಿಯೇಟರಿನಲ್ಲಿ ನಡೆಯುವುದು ಹೀಗೆ. ಮಗುವಿಗೆ ಪೂರ್ತಿ ಅರಿವಳಿಕೆ. ಅರಿವಳಿಕೆ ತಜ್ಞರೂ ಶಸ್ತ್ರಚಿಕಿತ್ಸಕರೂ ಒಂದೇ ಗಂಟಲನ್ನು ಹಂಚಿಕೊಂಡು ಕೆಲಸ ಮಾಡಬೇಕು, ಹಾಗಾಗಿ ಮೊದಲೇ ಇಬ್ಬರೂ ಪ್ರತಿ ಹೆಜ್ಜೆಯನ್ನು ಮಾತಾಡಿಕೊಂಡಿರುತ್ತಾರೆ. ಹೆಗಲ ಕೆಳಗೆ ಸಣ್ಣ ಸುರುಳಿ ಇಟ್ಟು ತಲೆಯನ್ನು ಹಿಂದಕ್ಕೆ ವಾಲಿಸುತ್ತಾರೆ. ಧ್ವನಿತಂತುಗಳ ಮೇಲೆ ಲಿಡೋಕೇನ್ ಸಿಂಪಡಿಸುತ್ತಾರೆ. ಪೆನ್ಸಿಲಿಗಿಂತ ಸಣ್ಣದಾದ ನಳಿಗೆ ತಂತುಗಳ ನಡುವೆ ಇಳಿಯುತ್ತದೆ. ನಳಿಗೆಯ ಮಗ್ಗುಲಲ್ಲಿರುವ ಕಿಂಡಿಗೆ ಆಮ್ಲಜನಕದ ಕೊಳವೆ ಜೋಡಿಸಿರುತ್ತಾರೆ. ಪರದೆಯ ಮೇಲೆ ಶ್ವಾಸನಾಳದ ಬಿಳಿ ಉಂಗುರಗಳು ಒಂದರ ಹಿಂದೊಂದು ಸರಿಯುತ್ತವೆ, ಕೊನೆಗೆ ದಾರಿ ಎರಡಾಗುವ ಏಣು. ಮೊದಲು ಸರಿಯಿರುವ ಕಡೆಗೆ ಇಣುಕಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಲ್ಲಿನ ಕಫ ಹೀರಿ ತೆಗೆಯುತ್ತಾರೆ. ಮುಂದಿನ ಕೆಲವು ನಿಮಿಷ ಮಗು ಉಸಿರಿಗೆ ನೆಚ್ಚಬೇಕಾದದ್ದು ಆ ಶ್ವಾಸಕೋಶವನ್ನೇ. ಆಮೇಲೆ ಇನ್ನೊಂದು ಕಡೆ. ಕೆಂಪಗೆ ಊದಿದ ಗೋಡೆ, ಮಂದ ಕಫ, ಅದರ ನಡುವೆ ಹಳದಿ ಮಿಶ್ರಿತ ಕಂದು ಬಣ್ಣದ ಹೋಳು. ಊತ ಇಳಿಸಲು ತೆಳುವಾದ ಅಡ್ರಿನಲಿನ್ ಹನಿ ಬಿಡುವುದುಂಟು. ದುರ್ಬೀನು ಕೂಡಿಸಿದ ಚಿಮಟ ಬೀಜದ ಎರಡೂ ಮಗ್ಗುಲಿಗೆ ಬಾಯಿ ತೆರೆದು ಮೆಲ್ಲನೆ ಕಚ್ಚುತ್ತದೆ. ಬಿಗಿಯಾಗಿ ಕಚ್ಚಿದರೆ ನೆನೆದ ಬೀಜ ಪುಡಿಯಾಗಿ ಇನ್ನೂ ಆಳದ ಕವಲುಗಳಿಗೆ ಜಾರುತ್ತದೆ. ಸಡಿಲವಾದರೆ ಜಾರಿಬಿಡುತ್ತದೆ.

ಹಲವು ಸಲ ಬೀಜ ನಳಿಗೆಯೊಳಗೆ ತೂರುವುದಿಲ್ಲ. ಆಗ ಬೀಜ ಕಚ್ಚಿದ ಚಿಮಟ, ದುರ್ಬೀನು, ನಳಿಗೆ ಮೂರನ್ನೂ ಒಟ್ಟಿಗೇ ಹೊರಗೆಳೆಯಬೇಕು. ಅತ್ಯಂತ ಗಂಡಾಂತರದ ಕ್ಷಣ ಅದು. ಉಸಿರ ದಾರಿಯ ಇಕ್ಕಟ್ಟಿನ ಜಾಗವಾದ ಧ್ವನಿತಂತುಗಳ ಬಳಿ ಬೀಜ ಚಿಮಟದಿಂದ ಕಳಚಿಕೊಂಡರೆ ಎರಡೂ ಶ್ವಾಸಕೋಶಗಳಿಗೆ ಗಾಳಿ ನಿಲ್ಲುತ್ತದೆ. ಕೂಡಲೇ ಎತ್ತಲಾಗದಿದ್ದರೆ ಶಸ್ತ್ರಚಿಕಿತ್ಸಕರು ಬೀಜವನ್ನು ಮತ್ತೆ ಕೆಳಕ್ಕೆ, ಮೊದಲು ಕೂತಿದ್ದ ಕವಲಿಗೇ ತಳ್ಳುತ್ತಾರೆ. ಇಷ್ಟು ಕಷ್ಟಪಟ್ಟು ಮೇಲೆ ತಂದದ್ದನ್ನು ತಾವೇ ಒಳಗೆ ದೂಡುವುದಕ್ಕೆ ತುಂಬ ಸ್ಥಿರವಾದ ಮನಸ್ಸು ಬೇಕು. ಹಾಗೆ ಮಾಡಿದರೆ ಇನ್ನೊಂದು ಶ್ವಾಸಕೋಶಕ್ಕೆ ಗಾಳಿ ಸಿಗುತ್ತದೆ, ಮಗುವಿನ ಬಣ್ಣ ಮರಳುತ್ತದೆ, ಸಾವರಿಸಿಕೊಂಡು ಮತ್ತೆ ಯತ್ನಿಸಬಹುದು. ಬೀಜ ಹೊರಬಂದ ಮೇಲೂ ನಳಿಗೆಯನ್ನು ಇನ್ನೊಮ್ಮೆ ಇಳಿಸಿ ಚೂರು ಉಳಿದಿದೆಯೇ, ಎರಡನೆಯದೊಂದು ಇದೆಯೇ ಎಂದು ನೋಡುತ್ತಾರೆ. ಬೇಗ ಪತ್ತೆಯಾದ ಮಕ್ಕಳು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ.

ಕಡಲೆಬೀಜ ಒಂದೇ ಅಲ್ಲ. ಹುಣಸೆಬೀಜ, ಸೀತಾಫಲದ ಬೀಜ, ಅವರೆಕಾಳು, ಆಟಿಕೆಯ ಪೀಪಿ ಎಲ್ಲವೂ ಹೀಗೆ ಒಳಗೆ ಹೋಗುತ್ತವೆ. ಬಟನ್ ಬ್ಯಾಟರಿಯದು ಬೇರೆಯೇ ಕಥೆ. ಅದು ಅನ್ನನಾಳದಲ್ಲಿ ಸಿಕ್ಕಿದರೆ ಅದರ ವಿದ್ಯುತ್ತು ಸುತ್ತ ಕ್ಷಾರ ಹುಟ್ಟಿಸಿ ಎರಡು ಗಂಟೆಯೊಳಗೇ ಗೋಡೆಯನ್ನು ಸುಡತೊಡಗಬಹುದು. ಅಲ್ಲಿ ಕಾಯುವ ಪ್ರಶ್ನೆಯೇ ಇಲ್ಲ.

ಬ್ರಾಂಕೋಸ್ಕೋಪಿಯ ಇಡೀ ಸೆಟ್ಟು, ಅದರ ಬೇರೆ ಬೇರೆ ಅಳತೆಯ ನಳಿಗೆಗಳು, ಮಕ್ಕಳ ಅರಿವಳಿಕೆಯಲ್ಲಿ ಪಳಗಿದ ಕೈ, ಇವೆಲ್ಲ ಊರೂರಿನಲ್ಲಿ ಇರಲಾರವು. ಬೆಂಗಳೂರಿನಲ್ಲಿ 1935ರಿಂದ ಇರುವ ವಾಣಿವಿಲಾಸ, ನಿಮ್ಹಾನ್ಸ್ ಕಡೆಯ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಎರಡಕ್ಕೂ ಮಾದನಾಯಕನಹಳ್ಳಿಯಿಂದ ನಗರ ಹಾದೇ ಹೋಗಬೇಕು. ಆದ್ದರಿಂದ ನನಗನ್ನಿಸುವುದು, ತುಮಕೂರು ರಸ್ತೆಯ ಈ ಕಡೆಯ ಕ್ಲಿನಿಕ್ಕುಗಳಿಗೆ ಬೇಕಾದದ್ದು ಹೊಸ ಯಂತ್ರವಲ್ಲ. ಒಂದೇ ಕಡೆಯ ಸೀಟಿ ಕೇಳಿದಾಗ ಮೂರನೇ ಸಲ ನೆಬ್ಯುಲೈಸರ್ ಹಿಡಿಸುವ ಬದಲು ತಿಂದದ್ದೇನು ಎಂದು ಕೇಳಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುವ ರೂಢಿ.

ಮನೆಯವರು ಮಾಡಬೇಕಾದ್ದೂ ಸ್ವಲ್ಪವಿದೆ. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಕಡಲೆಬೀಜ ಕೊಡಬಾರದು. ಪುಡಿ ಮಾಡಿ ಕೊಡಿ, ಚಟ್ನಿಯಲ್ಲಿ ಕೊಡಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಕೆಮ್ಮೇ ಅದರ ರಕ್ಷೆ. ಬಾಯಿಗೆ ನೀರು ಹೊಯ್ಯಬೇಡಿ, ಕಾಣದ ವಸ್ತುವಿಗಾಗಿ ಗಂಟಲಲ್ಲಿ ಬೆರಳಾಡಿಸಬೇಡಿ. ದನಿಯೇ ಹೊರಡದೆ ನೀಲಿಗಟ್ಟುತ್ತಿದ್ದರೆ ತಲೆ ತಗ್ಗಿಸಿ ಹಿಡಿದು ಬೆನ್ನಿನ ಮೇಲೆ, ಹೆಗಲ ಮೂಳೆಗಳ ನಡುವೆ ಐದು ಬಲವಾದ ಏಟು. ಬರದಿದ್ದರೆ, ವರ್ಷ ತುಂಬದ ಕೂಸಿಗೆ ಎದೆಯ ನಡುವೆ ಐದು ಒತ್ತು, ಅದಕ್ಕಿಂತ ದೊಡ್ಡವರಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ ಐದು ಒತ್ತು. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅಷ್ಟರಲ್ಲಿ ಅವರು 108ಕ್ಕೆ ಕರೆ ಮಾಡಲಿ. ಮಗು ಉಸಿರಾಡುತ್ತಿದ್ದು ಆಸ್ಪತ್ರೆಗೆ ಹೊರಟಿದ್ದರೆ, ದಾರಿಯಲ್ಲಿ ಅತ್ತಿತೆಂದು ಬಿಸ್ಕತ್ತು, ಹಾಲು ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಅದೂ ಶ್ವಾಸಕೋಶಕ್ಕೆ ಇಳಿಯಬಹುದು. ತುರ್ತಿಲ್ಲದಿದ್ದರೆ ವೈದ್ಯರು ಗಟ್ಟಿ ಆಹಾರವಾಗಿ ಆರು ಗಂಟೆ, ತಾಯಿಯ ಹಾಲಾಗಿ ನಾಲ್ಕು ಗಂಟೆ ಕಳೆಯಲಿ ಎಂದು ಕಾಯುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಅವರು ಕೇಳುವ ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ: ಗಂಟಲಿಗೆ ಸಿಕ್ಕಿದ್ದು ಏನು, ಮಗು ಕೊನೆಯ ಸಲ ತಿಂದದ್ದು ಎಷ್ಟು ಗಂಟೆಗೆ.